‘ಏಳು’ ಎಂದರೆ ಎಷ್ಟು?

ಹೋದ ತಿಂಗಳ ಒಂದು ಗುರುವಾರ ಸಂಜೆ ನಮ್ಮ ಕ್ಲಬ್ಬಿನ ಹಾಲ್‌ಗೆ ಕಾಲಿಟ್ಟರೆ ಮುಂದಿನ ಸಾಲಿನ ತುಂಬ ಮಕ್ಕಳು. ಎಲ್ಲರೂ ಇಸ್ತ್ರಿ ಮಾಡಿದ ಯೂನಿಫಾರ್ಮ್‌ನಲ್ಲಿ. ಒಬ್ಬಳು ಗೋಡೆಗೆ ಮುಖ ಮಾಡಿ, ಕೈ ಬೀಸುತ್ತ, ತಮಿಳಿನಲ್ಲಿ ನೀರಿನ ಮಹತ್ವ ಕುರಿತು ಭಾಷಣ ಪ್ರ್ಯಾಕ್ಟೀಸ್ ಮಾಡುತ್ತಿದ್ದಳು. ಗೋಡೆ ಸುಮ್ಮನೆ ಕೇಳುತ್ತಿತ್ತು.

ನನಗೆ ಗಾಬರಿ. ಅವತ್ತು ಇದ್ದದ್ದು ಭಾಷಣ ಸ್ಪರ್ಧೆಯಲ್ಲ. ಸ್ಪೀಚ್ ಥೆರಪಿಸ್ಟ್ ಒಬ್ಬರ ಉಪನ್ಯಾಸ. ಅಂದರೆ ಪಾರ್ಶ್ವವಾಯು ಬಡಿದು ಮಾತು ನಿಂತವರಿಗೆ, ತೊದಲುವವರಿಗೆ ಮತ್ತೆ ಮಾತು ಕಲಿಸುವವರು. ನಮ್ಮ ಸೆಕ್ರೆಟರಿ ಅದನ್ನು ತಮಿಳು ಮಾಡಿ ವಾಟ್ಸಾಪ್ ಗ್ರೂಪಿನಲ್ಲಿ ‘ಪೇಚ್ಚು ಪಯಿರ್ಚಿ’, ಅಂದರೆ ಮಾತಿನ ತರಬೇತಿ, ಎಂದು ಹಾಕಿದ್ದರು. ತಪ್ಪೇನಲ್ಲ. ಆದರೆ ಓದಿದ ಅಪ್ಪ ಅಮ್ಮಂದಿರೆಲ್ಲ ತಮ್ಮ ಮಕ್ಕಳನ್ನು ವೇದಿಕೆಗೆ ತಯಾರು ಮಾಡಿಕೊಂಡು ಬಂದುಬಿಟ್ಟಿದ್ದರು. ತಮಿಳಿನಲ್ಲಿ ಪೇಚ್ಚು ಎಂದರೆ ಮಾತು. ಕನ್ನಡದಲ್ಲಿ ಪೇಚು ಎಂದರೆ ಏನೆಂದು ನಿಮಗೇ ಗೊತ್ತು.

ಹೊಸ ಓದುಗರಿಗಾಗಿ ಒಂದು ಮಾತು. ನಾನು ತಾಳವಾಡಿಯ ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ ಧರ್ಮಪುರಿಗೆ ಬಂದವಳು. ಬಸ್ ಸ್ಟ್ಯಾಂಡ್ ಹತ್ತಿರ ಮೆಡಿಕಲ್ ಶಾಪ್ ನಡೆಸುತ್ತೇನೆ. ಊರಿನ ಸೇವಾ ಕ್ಲಬ್ಬಿನಲ್ಲಿ ಅತಿಥಿ ಭಾಷಣಕಾರರನ್ನು ಹುಡುಕಿ ತರುವುದು ನನ್ನ ಪಾಲಿನ ಕೆಲಸ. ಸಣ್ಣ ಊರಿನ ಕ್ಲಬ್ಬಿಗೆ ಗೆಸ್ಟ್ ಎಲ್ಲಿಂದ ಸಿಗಬೇಕು? ಯಾರ ಮನೆಯ ಮದುವೆಗೆ ಯಾರು ಬರುತ್ತಾರೆ ಎಂದು ಕಾದಿರುತ್ತೇನೆ. ಹೀಗೆ ಸಿಕ್ಕವರಲ್ಲಿ ಜೇನು ಸಾಕುವವರಿದ್ದರು, ನಿವೃತ್ತ ರೇಂಜರ್ ಇದ್ದರು, ಉಳಿತಾಯದ ಬಗ್ಗೆ ಮಾತಾಡಲು ಬಂದು ಪಾಲಿಸಿ ಮಾರಿ ಹೋದವರೂ ಇದ್ದರು.

ಈ ಸಲ ಸಿಕ್ಕವಳು ಸುಮಾ. ನನ್ನ ತಂಗಿಯ ನಾದಿನಿ, ಮೈಸೂರಿನವಳು. ಸೇಲಂನಲ್ಲಿ ಒಂದು ಮದುವೆ ಮುಗಿಸಿ ಹಿಂತಿರುಗುವ ದಾರಿಯಲ್ಲಿ ಅರ್ಧ ದಿನ ಕೊಟ್ಟಿದ್ದಳು.

ಸುಮಾ ಮಕ್ಕಳನ್ನು ನೋಡಿ ನಕ್ಕಳು. ಎಲ್ಲರಿಗೂ ಮೈಕ್ ಕೊಟ್ಟು ಎರಡೆರಡು ಮಾತು ಆಡಿಸಿದಳು. ಆಮೇಲೆ ನನ್ನ ಕಿವಿಯಲ್ಲಿ, “ಅಕ್ಕಾ, ನನಗೆ ತಮಿಳು ಬರಲ್ಲ. ನಾನು ಕನ್ನಡದಲ್ಲಿ ಹೇಳ್ತೀನಿ, ನೀವು ತಮಿಳಲ್ಲಿ ಹೇಳಿಬಿಡಿ” ಎಂದಳು.

ಒಪ್ಪಿದೆ. ಅವಳು ಒಂದು ವಾಕ್ಯ, ನಾನು ಒಂದು ವಾಕ್ಯ. ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಅವಳು, “ಹೆಂಡತಿ ಕರೆದಾಗ ಗಂಡ ಉತ್ತರ ಕೊಡದಿದ್ದರೆ ಅದು ಮಾತಿನ ತೊಂದರೆಯಲ್ಲ, ಅದಕ್ಕೆ ನಮ್ಮ ಹತ್ತಿರ ಥೆರಪಿ ಇಲ್ಲ” ಎಂದಳು.

ಹಾಲ್ ಗೊಳ್ಳೆಂದು ನಕ್ಕಿತು.

ನಾನು ಇನ್ನೂ ಬಾಯಿ ತೆರೆದಿರಲಿಲ್ಲ!

ಯಾರು ನಕ್ಕರು? ತಿರುಗಿ ನೋಡಿದೆ. ಝೆರಾಕ್ಸ್ ಅಂಗಡಿಯವರು ನಗುತ್ತಿದ್ದರು. ಟ್ಯೂಷನ್ ಟೀಚರ್ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಹಾರ್ಡ್‌ವೇರ್ ಅಂಗಡಿಯ ಸೆಲ್ವರಾಜ್, ಅಂದರೆ ನಮ್ಮ ಕ್ಲಬ್ಬಿನ ಪ್ರೆಸಿಡೆಂಟ್, ಮೇಜು ಕುಟ್ಟಿ ನಗುತ್ತಿದ್ದರು. ಇವರೆಲ್ಲರ ಜೊತೆ ನಾನು ವರ್ಷಗಟ್ಟಲೆ ತಮಿಳಿನಲ್ಲೇ ಮಾತಾಡಿದ್ದೇನೆ. ಅವರೂ ನನ್ನ ಜೊತೆ ತಮಿಳಿನಲ್ಲೇ. ನಮ್ಮ ನಮ್ಮ ಮನೆಯ ಭಾಷೆ ಯಾವುದೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. (ಕೇಳುವುದಾದರೂ ಹೇಗೆ? ಸ್ಕ್ರೂಡ್ರೈವರ್ ಕೊಳ್ಳಲು ಹೋಗಿ, ನಿಮ್ಮ ಅಜ್ಜಿ ಯಾವ ಭಾಷೆಯಲ್ಲಿ ಬೈಯುತ್ತಿದ್ದರು ಎಂದು ಕೇಳಲಾಗುತ್ತದೆಯೇ?)

ಹಾಗಾದರೆ ನಾನು ಅಷ್ಟು ಹೊತ್ತು ಯಾರಿಗಾಗಿ ಅನುವಾದ ಮಾಡುತ್ತಿದ್ದೆ?

ನಿಲ್ಲಿಸಲೋ ಮುಂದುವರಿಸಲೋ ತಿಳಿಯಲಿಲ್ಲ. ನಗದೆ ಕೂತವರೂ ಇದ್ದರಲ್ಲ. ಮುಂದುವರಿಸಿದೆ. ಸುಮಾ ಈಗ ಗಂಭೀರ ವಿಷಯಕ್ಕೆ ಬಂದಿದ್ದಳು. ಎರಡು ಮೂರು ಭಾಷೆ ಆಡುತ್ತಿದ್ದವರಿಗೆ ಸ್ಟ್ರೋಕ್ ಆದರೆ, ಕೆಲವರಲ್ಲಿ ಒಂದು ಭಾಷೆ ಮಾತ್ರ ಮೊದಲು ಮರಳಿ ಬರುತ್ತದೆಯಂತೆ. ಎಲ್ಲರಿಗೂ ಹಾಗಲ್ಲ. ಯಾವುದು ಬರುತ್ತದೆಂದು ಮೊದಲೇ ಹೇಳಲೂ ಆಗದಂತೆ.

ನಾನು ಇದನ್ನು ತಮಿಳಿಗೆ ತರುತ್ತಿರುವಾಗಲೇ ಸೆಲ್ವರಾಜ್ ಎದ್ದು ನಿಂತರು. ನಗು ಎಲ್ಲೋ ಹೋಗಿತ್ತು.

“ನಮ್ಮವ್ವಂಗೆ ಅಂಗೇ ಆಗೈತೆ ಮೇಡಂ” ಎಂದರು. ಕನ್ನಡದಲ್ಲಿ. ಎಲ್ಲರೆದುರು. “ಸ್ಟ್ರೋಕ್ ಆಗಿ ಮಾತೆಲ್ಲ ಓಗ್ಬುಡ್ತು. ಈಗ ವಸಿ ಬಂದೈತೆ. ಆದ್ರೆ ತಮಿಳು ಒಂದು ಸೊಲ್ಲೂ ಬರಾಕಿಲ್ಲ. ಬರೋ ನಾಕು ಮಾತೂ ಕನ್ನಡ. ನನ್ನ ಎಂಡ್ರಿಗೆ ಕನ್ನಡ ತಿಳಿಯಾಕಿಲ್ಲ. ನಾನು ಬೆಳಗಾದ್ರೆ ಅಂಗಡಿಗೆ ಓಗ್ತೀನಿ. ಏನ್ ಮಾಡ್ಲಿ?”

ಪ್ರೆಸಿಡೆಂಟ್ ಎಂದರೆ ನಮಗೆ ಸ್ವಾಗತ ಭಾಷಣ, ಶಾಲು, ಫೋಟೋ. ಅವರ ಮನೆಯಲ್ಲಿ ಹೀಗೊಂದು ನಡೆದಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಸುಮಾ ವೇದಿಕೆ ಇಳಿದು ಅವರ ಪಕ್ಕ ಕೂತಳು. ನಿಧಾನವಾಗಿ ಮಾತಾಡಿ, ಸಣ್ಣ ಸಣ್ಣ ವಾಕ್ಯ ಆಡಿ, ಅವರ ಉತ್ತರಕ್ಕೆ ಕಾಯಿರಿ, ಅವರ ಪರವಾಗಿ ನೀವೇ ಉತ್ತರ ಕೊಡಬೇಡಿ ಎಂದಳು. “ಆಡಕ್ಕೆ ಬರಲ್ಲ ಅಂದ್ರೆ ತಿಳಿಯಲ್ಲ ಅಂತ ಅಲ್ಲ ಸರ್.”

ಸಭೆ ಮುಗಿದು ಟೀ ಕುಡಿಯುವಾಗ ಟ್ಯೂಷನ್ ಟೀಚರ್ ನನ್ನ ಹತ್ತಿರ ಬಂದು, “ನೀವೂನಾ?” ಎಂದರು. “ನೀವೂನಾ?” ಎಂದೆ. ಇಬ್ಬರೂ ನಕ್ಕೆವು. ಮುಂದಿನ ನಾಲ್ಕು ಮಾತು ಕನ್ನಡದಲ್ಲೇ ಆಡಿದೆವು. ಅವರ ಕನ್ನಡ ಕೇಳಿ ನನಗೆ ನಾಚಿಕೆ, ನನ್ನದು ಕೇಳಿ ಅವರಿಗೆ. ಮನೆಯಲ್ಲಿ ಉಡುವ ಸೀರೆಯಲ್ಲಿ ಬಜಾರಿಗೆ ಬಂದ ಹಾಗೆ. ಬಿಸ್ಕತ್ತು ಮುಗಿಯುವಷ್ಟರಲ್ಲಿ ನಾವಿಬ್ಬರೂ ಮತ್ತೆ ತಮಿಳಿಗೆ ಬಂದಿದ್ದೆವು.

ಹೊರಡುವಾಗ ಸೆಲ್ವರಾಜ್ ನನ್ನ ಸ್ಕೂಟಿ ಹತ್ತಿರ ಬಂದರು. “ಮೇಡಂ, ಒಂದ್ಸಲ ಮನೆಗೆ ಬರ್ತೀರಾ? ಅವ್ವ ಒಂದೇ ಮಾತು ಇಡ್ಕೊಂಡು ಕೂಗ್ತಾಳೆ. ಏನಂತ ನಂಗೂ ತಿಳಿಯಾಕಿಲ್ಲ.”

“ನಿಮಗೇ ತಿಳಿಯದ್ದು ನನಗೆ ತಿಳಿಯುತ್ತದೆಯೇ?” ಎಂದೆ. ಅವರು ಇನ್ನೊಂದು ವಿಷಯ ಹೇಳಿದರು. ಮುಂದಿನ ಗುರುವಾರದ ಗೆಸ್ಟನ್ನು ಅವರೇ ಗೊತ್ತು ಮಾಡಿದ್ದರು. ಸೇಲಂ ಕಡೆಯ ಒಂದು ವೃದ್ಧಾಶ್ರಮದ ಮ್ಯಾನೇಜರ್. ವಿಷಯ, ಹಿರಿಯರ ಆರೈಕೆ. ಸಮಾಜಸೇವೆ ಎಂದು ನಾನು ಖುಷಿಪಟ್ಟಿದ್ದೆ. ಈಗ ನೋಡಿದರೆ, ತಾಯಿಯನ್ನು ಅಲ್ಲಿಗೆ ಸೇರಿಸುವುದೆಂದು ಅರ್ಧ ನಿರ್ಧಾರವಾಗಿದೆ. ಅದರ ಮರುವಾರ ಮೆಟ್ಟೂರು ಡ್ಯಾಮ್ ಪಾರ್ಕಿಗೆ ಕ್ಲಬ್ಬಿನ ಫ್ಯಾಮಿಲಿ ಟ್ರಿಪ್. ಅದು ಮುಗಿದ ಕೂಡಲೇ ಸೇಲಂ.

ಕ್ಲಬ್ಬಿನ ಕಾರ್ಯಕ್ರಮ ಎಲ್ಲಿ ಮುಗಿಯುತ್ತದೆ, ಮನೆಯ ಕಷ್ಟ ಎಲ್ಲಿ ಶುರುವಾಗುತ್ತದೆ? ನನಗೆ ತಲೆ ಕೆಟ್ಟುಹೋಯಿತು.

ಭಾನುವಾರ ಬೆಳಿಗ್ಗೆ ಹೋದೆ. ಸೆಲ್ವರಾಜ್ ಹೆಂಡತಿ ಕಲೈವಾಣಿ ನಾಮಕ್ಕಲ್ ಕಡೆಯವರು. ಮನೆ ಕನ್ನಡಿಯ ಹಾಗಿತ್ತು. ಹಾಸಿಗೆಯ ಮೇಲೆ ಪುಟ್ಟಮ್ಮ, ಸೆಲ್ವರಾಜ್ ತಾಯಿ. ಮೆಟ್ಟೂರಿನ ಹತ್ತಿರ ಕೊಳತ್ತೂರು ಕಡೆಯ ಕನ್ನಡದ ಹಳ್ಳಿಯಲ್ಲಿ ಹುಟ್ಟಿದವರು. ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟು, ಒಗೆದ ಸೀರೆ ಉಡಿಸಿ ಕೂರಿಸಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಕಲೈವಾಣಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮೊದಲು ಕೇಳಿದ್ದೇ ಇದು: “ಎನ್ನೈ ತಿಟ್ಟುರಾಂಗಳಾ ಅಕ್ಕಾ?” ನನ್ನನ್ನು ಬೈಯುತ್ತಿದ್ದಾರಾ? ಕಣ್ಣಲ್ಲಿ ನೀರು. ತಿಂಗಳುಗಳಿಂದ ಸ್ನಾನ, ಊಟ, ಮಾತ್ರೆ ಎಲ್ಲ ಮಾಡಿದ ಹೆಣ್ಣುಮಗಳು ಅದೊಂದು ಪ್ರಶ್ನೆಯನ್ನು ಯಾರಲ್ಲೂ ಕೇಳಲಾಗದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ಅಷ್ಟರಲ್ಲಿ ಒಳಗಿಂದ ಕೂಗು. “ಏಳು! ಏಳು!”

“ಅದೇ ಅಕ್ಕಾ, ಅದೇ” ಎಂದರು ಕಲೈವಾಣಿ.

ತಮಿಳಿನಲ್ಲೂ ಏಳು ಎಂದರೆ ಏಳೇ, ಆರು ಆದ ಮೇಲಿನದು. ಆಕೆ ಪಾಪ, ಏನೇನೋ ಮಾಡಿದ್ದರು. ಏಳು ಗಂಟೆಗೆ ಟಿವಿ ಹಾಕಿದರು. ಏಳು ಗಂಟೆಗೆ ಊಟ ಕೊಟ್ಟರು. ಏಳು ಇಡ್ಲಿ ಬಡಿಸಿದರು. ಅತ್ತೆ ತಟ್ಟೆ ತಳ್ಳಿದರು. ಸೆಲ್ವರಾಜ್‌ಗೆ ಕನ್ನಡ ಬರುತ್ತದಲ್ಲ, ಅವರಿಗೆ ಬೇರೆಯೇ ಕೇಳಿಸಿತ್ತು. “ಏಳು ಅಂದ್ರೆ ಎದ್ದೇಳು ಅಂತಲ್ವಾ ಮೇಡಂ? ಎಬ್ಬಿಸಿ ನಿಲ್ಲಿಸು ಅಂತಾಳೆ ಅಂದ್ಕೊಂಡೆ.” ದಿನಾ ಅಂಗಡಿಯಿಂದ ಬಂದು, ತೋಳಿಗೆ ತೋಳು ಕೊಟ್ಟು ಎಬ್ಬಿಸುತ್ತಿದ್ದರು. ತಾಯಿ ಸಿಟ್ಟಿನಿಂದ ಎಡಗೈಯಲ್ಲಿ ಹೊಡೆಯುತ್ತಿದ್ದರು.

ನನಗೆ ಮೂರನೆಯದು ಕೇಳಿಸಿತು. ಈ ಸೀಮೆಯ ಕನ್ನಡದ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎಂಬುದು ಓಗು, ಹಾಲು ಎಂಬುದು ಆಲು. ಹಾಗಾದರೆ ಹೇಳು?

ಹಾಸಿಗೆಯ ಪಕ್ಕ ಕೂತೆ. “ಅವ್ವಾ, ಏನು ಹೇಳಲಿ?” ಎಂದೆ.

ಅವರು ನನ್ನನ್ನೇ ನೋಡಿದರು. ತುಟಿ ಅಲುಗಿತು. “ಏಳು” ಎಂದರು, ಈ ಸಲ ಮೆಲ್ಲಗೆ. ಏನು ಹೇಳಬೇಕೆಂದು ತೋಚದೆ, ಬರುವ ದಾರಿಯಲ್ಲಿ ನನ್ನ ಸ್ಕೂಟಿಗೆ ಮೇಕೆ ಅಡ್ಡ ಬಂದದ್ದನ್ನು ಹೇಳಿದೆ. ಮೇಕೆಯವಳು ನನಗೇ ಬೈದದ್ದನ್ನೂ ಹೇಳಿದೆ. ಪುಟ್ಟಮ್ಮನ ಬಾಯಿಯ ಒಂದು ಕೊನೆ ಮೇಲೆದ್ದಿತು. ನಗುವೇ? ಇರಬೇಕು.

ಸೆಲ್ವರಾಜ್ ಬಾಗಿಲಲ್ಲಿ ನಿಂತಿದ್ದರು. “ಕಾಯಿಲೆ ಬಿದ್ದ ಮ್ಯಾಲೆ ಅವ್ವನ ಜೊತೆ ಯಾರೂ ಮಾತೇ ಆಡಿಲ್ಲ ಮೇಡಂ” ಎಂದರು. “ಊಟ ಆಯ್ತಾ, ಮಾತ್ರೆ ತಗೊಂಡ್ಳಾ ಅಂತ ಇವಳನ್ನ ಕೇಳ್ತೀನಿ. ಅವ್ವನ್ನ ಕೇಳಾಕಿಲ್ಲ. ಬದ್ಲು ಬರಾಕಿಲ್ಲ ಅಂತ.”

ಗೆದ್ದೆ ಎಂದುಕೊಂಡು ಅಲ್ಲಿಂದಲೇ ಸುಮಾಗೆ ಫೋನ್ ಮಾಡಿದೆ. ಅವಳು ನನ್ನ ಉತ್ಸಾಹಕ್ಕೆ ತಣ್ಣೀರು ಹಾಕಿದಳು. “ಇರಬಹುದು ಅಕ್ಕಾ. ಆದ್ರೆ ಕೆಲವರಿಗೆ ಒಂದೇ ಪದ ಬಾಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೆ ಅರ್ಥ ಇರಲೇಬೇಕು ಅಂತಿಲ್ಲ. ಧರ್ಮಪುರಿಯಲ್ಲೇ ಒಬ್ಬ ಥೆರಪಿಸ್ಟಿಗೆ ತೋರಿಸಿ.”

ಈಗ ಹೇಳಿ. ಅದು ಏಳೋ, ಎದ್ದೇಳೋ, ಹೇಳೋ, ಅಥವಾ ಏನೂ ಅಲ್ಲವೋ? ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಕಲೈವಾಣಿಗೆ ಮಾತ್ರ ಇಷ್ಟೆಲ್ಲ ಬೇಕಿರಲಿಲ್ಲ. ಅತ್ತೆ ಬೈಯುತ್ತಿಲ್ಲ, ಬಹುಶಃ ‘ಮಾತಾಡು’ ಎನ್ನುತ್ತಿದ್ದಾರೆ ಎಂದು ನಾನು ತಮಿಳಿನಲ್ಲಿ ಹೇಳಿದಾಗ, ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದ್ದು ಒಂದೇ. “ನನಗೆ ಕನ್ನಡ ಬರುವುದಿಲ್ಲವಲ್ಲ ಅಕ್ಕಾ. ತಮಿಳಿನಲ್ಲಿ ಹೇಳಬಹುದಾ?” ಪುಟ್ಟಮ್ಮ ಜೀವನವಿಡೀ ಬಜಾರಿನಲ್ಲಿ ತಮಿಳಾಡಿದ ಹೆಂಗಸು. ಹೇಳಿ ನೋಡಿ, ಎಂದೆ.

ಗುರುವಾರ ವೃದ್ಧಾಶ್ರಮದ ಮ್ಯಾನೇಜರ್ ಬಂದರು. ಸ್ಲೈಡ್ ತೋರಿಸಿದರು. ಗಾಳಿ, ಬೆಳಕು, ನರ್ಸ್ ಎಲ್ಲ ಚೆನ್ನಾಗಿತ್ತು. ಬೇಕಾದವರಿಗೆ ಅದು ಬೇಕು, ನಾನು ಅಲ್ಲಗಳೆಯುವುದಿಲ್ಲ. ಪ್ರಶ್ನೆ ಕೇಳುವ ಸಮಯದಲ್ಲಿ ಸೆಲ್ವರಾಜ್ ಒಂದೇ ಪ್ರಶ್ನೆ ಕೇಳಿದರು, ತಮಿಳಿನಲ್ಲಿ: “ನಿಮ್ಮಲ್ಲಿ ಕನ್ನಡ ತಿಳಿದವರು ಯಾರಾದರೂ ಇದ್ದಾರಾ?” ಮ್ಯಾನೇಜರ್‌ಗೆ ಗಲಿಬಿಲಿ. “ಸೇಲಂನಲ್ಲಿ ಯಾಕೆ ಸಾರ್ ಕನ್ನಡ?” ಎಂದರು. ಹಾಲ್‌ನಲ್ಲಿ ಯಾರೂ ನಗಲಿಲ್ಲ. ಶಾಲು ಹೊದಿಸಿ ಕಳಿಸಿದೆವು.

ಮರುದಿನ ಗ್ರೂಪಿನಲ್ಲಿ ಮೆಟ್ಟೂರು ಟ್ರಿಪ್ಪಿಗೆ ಬರುವವರ ಹೆಸರು ಬರತೊಡಗಿತು. ಸೆಲ್ವರಾಜ್ ಮನೆಯಿಂದ ಅವ್ವನ ಹೆಸರೂ ಇತ್ತು. ಸೇಲಂ ವಿಚಾರ ಏನಾಯಿತು ಎಂದು ನಾನು ಕೇಳಲಿಲ್ಲ. ಅವರೇ ಅಂಗಡಿಗೆ ಬಂದು ತಾಯಿಯ ಬಿಪಿ ಮಾತ್ರೆ ತಗೊಳ್ಳುತ್ತ, “ಇಲ್ಲೇ ಇರ್ಲಿ ಬುಡಿ ಮೇಡಂ, ನನ್ನ ಎಂಡ್ರೇ ಸೇಲಂ ಬ್ಯಾಡ ಅಂತಾಳೆ” ಎಂದರು. ಝೆರಾಕ್ಸ್ ಅಂಗಡಿಯವರು ಒಂದು ಸಂಜೆ, ಟ್ಯೂಷನ್ ಟೀಚರ್ ಒಂದು ಸಂಜೆ ಹೋಗಿ ಪುಟ್ಟಮ್ಮನ ಹತ್ತಿರ ಕೂತು ಬರುತ್ತಾರಂತೆ. ಅಲ್ಲಿ ಯಾವ ಭಾಷೆ ಆಡುತ್ತಾರೋ ನನಗೆ ಗೊತ್ತಿಲ್ಲ. ಕ್ಲಬ್ಬಿನಲ್ಲಿ ಸಿಕ್ಕಾಗ ನಾವು ಈಗಲೂ ತಮಿಳೇ.

ಮೊನ್ನೆ ಮಧ್ಯಾಹ್ನ ಕಲೈವಾಣಿ ಫೋನ್ ಮಾಡಿದರು. ಏದುಸಿರು. ಅತ್ತೆಗೆ ದಿನಾ ತಮ್ಮ ಅಪ್ಪನ ಕಥೆ ಹೇಳುತ್ತಾರಂತೆ. ಅಪ್ಪ ಲಾರಿ ಡ್ರೈವರ್. ಒಮ್ಮೆ ಘಾಟಿಯಲ್ಲಿ ಬ್ರೇಕ್ ಫೇಲ್ ಆದದ್ದನ್ನು ಹೇಳುತ್ತಾ ನಡುವೆ ಕುಕ್ಕರ್ ಇಳಿಸಲು ಎದ್ದರಂತೆ. ಅತ್ತೆ ಅವರ ಸೆರಗು ಹಿಡಿದು ಒಂದು ಹೊಸ ಮಾತು ಆಡಿದರಂತೆ.

“ಆ... ಮೇಲೆ, ಅಂದ್ರು ಅಕ್ಕಾ. ನಾನು ಮೇಲೆ ನೋಡಿದೆ. ಫ್ಯಾನ್ ನೋಡಿದೆ, ಹಲ್ಲಿ ಇದೆಯಾ ನೋಡಿದೆ. ಏನೂ ಇಲ್ಲ. ಮತ್ತೆ ಮತ್ತೆ ಅದೇ, ಆಮೇಲೆ, ಆಮೇಲೆ. ಮೇಲೆ ಏನಿದೆ ಅಕ್ಕಾ?”

ತಮಿಳಿನಲ್ಲೂ ಮೇಲೆ ಎಂದರೆ ಮೇಲೆಯೇ. ಗಿರಾಕಿ ಕೌಂಟರಿನಲ್ಲಿ ಕಾಯುತ್ತಿದ್ದರು. “ಮೇಲೆ ಏನೂ ಇಲ್ಲಮ್ಮಾ” ಎಂದೆ. “ಮುಂದೇನಾಯಿತು ಅಂತ ಕೇಳ್ತಿದ್ದಾರೆ.”

ಆಮೇಲೆ ಫೋನ್ ಇಡುವುದನ್ನೂ ಮರೆತು ಕಲೈವಾಣಿ ಒಳಗೆ ಓಡಿದ್ದು, ತಮಿಳಿನಲ್ಲಿ ಲಾರಿ ಮತ್ತೆ ಘಾಟಿ ಇಳಿಯತೊಡಗಿದ್ದು ನನಗೆ ಕೇಳಿಸಿತು.

ಇರಲಿ, ನಿಮ್ಮನ್ನೊಂದು ಮಾತು ಕೇಳುತ್ತೇನೆ: ಮಾತಿನ ನಡುವೆ ಎದ್ದ ನಿಮ್ಮನ್ನು ಹಿಡಿದು ನಿಲ್ಲಿಸಿ ಯಾರಾದರೂ “ಆಮೇಲೆ?” ಎಂದು ಕೇಳಿ ಎಷ್ಟು ಕಾಲವಾಯಿತು?