ಕೌಸಲ್ಯ ಮಿಸ್ ಹೇಳಿದ ರಷ್ಯಾದ ಕತೆ

ಗುಬ್ಬಿಯ ನಮ್ಮ ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಕೌಸಲ್ಯ ಮಿಸ್ ಅವರನ್ನು ತೆಗೆದುಹಾಕಿದ್ದು ಎಪ್ಪತ್ತಾರರಲ್ಲಿ. ಅವರು ಮಾಡಿದ ತಪ್ಪು ಏನು ಗೊತ್ತೆ? ಕ್ಲಾಸಿನಲ್ಲಿ ಒಂದು ಕತೆ ಹೇಳಿದ್ದು. ಇವತ್ತು ನೆನೆಸಿಕೊಂಡರೂ ನನಗೆ ಮೈ ಉರಿಯುತ್ತದೆ.

ಮಿಸ್ ತುಮಕೂರಿನವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಗುಬ್ಬಿಗೆ ಬಂದು ನಮಗೆ ಕನ್ನಡ ಪಾಠ ಮಾಡುತ್ತಿದ್ದರು. ಟೌನ್‌ಹಾಲ್ ಹತ್ತಿರ ಆಗಾಗ ಬಂದು ನಿಲ್ಲುತ್ತಿದ್ದ ಪುಸ್ತಕದ ವ್ಯಾನಿನಲ್ಲಿ ರಷ್ಯಾದ ದಪ್ಪ ಕಾದಂಬರಿಗಳು ಅಗ್ಗಕ್ಕೆ ಸಿಗುತ್ತಿದ್ದವು. ಇಂಗ್ಲಿಷಿನಲ್ಲಿದ್ದ ಆ ಪುಸ್ತಕಗಳನ್ನು ಓದಿಕೊಂಡು ಬಂದು, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಆ ಉದ್ದುದ್ದ ಹೆಸರುಗಳು ನಮ್ಮ ನಾಲಿಗೆಗೆ ಹತ್ತುತ್ತಿರಲಿಲ್ಲ. ಮುದುಕಿಯನ್ನು ಕೊಂದು, ಪೊಲೀಸರ ಕೈಗೆ ಸಿಗದೆ ತನ್ನ ಮನಸ್ಸಿನ ಕೈಗೇ ಸಿಕ್ಕಿಬಿದ್ದ ವಿದ್ಯಾರ್ಥಿಯ ಕತೆ ಕೇಳಿ ನಾವು ಬೆವತಿದ್ದೆವು. ಹಾಸಿಗೆ ಬಿಟ್ಟೇಳಲು ಬೇಸರಪಡುವ ಜಮೀನ್ದಾರನ ಕತೆ ಬಂದಾಗ ಹಿಂದಿನ ಬೆಂಚಿನಿಂದ ಯಾರೋ, “ನಮ್ ಚೇಳೂರು ಮಾವ ಥೇಟ್ ಹಿಂಗೇ ಅವ್ನೆ ಮಿಸ್!” ಅಂದರು. ಮಿಸ್ ಕೂಡ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಒಂದು ಶನಿವಾರ ಅವರು ಹೇಳಿದ್ದು ದೊಡ್ಡ ಮನೆತನದ ಹೆಂಡತಿಯೊಬ್ಬಳ ಕತೆ. ಗಂಡನನ್ನು ಬಿಟ್ಟು ಬೇರೊಬ್ಬನ ಜೊತೆ ಹೋಗುತ್ತಾಳೆ. ಅವನು ಮೊದಲಿನಂತೆಯೇ ಕ್ಲಬ್ಬಿಗೆ ಹೋಗುತ್ತಾನೆ, ಸ್ನೇಹಿತರ ಮನೆಯಲ್ಲಿ ಊಟ ಮಾಡುತ್ತಾನೆ. ಅವಳಿಗೆ ಮಾತ್ರ ಒಂದೊಂದೇ ಮನೆಯ ಬಾಗಿಲು ಮುಚ್ಚುತ್ತದೆ. “ತಪ್ಪೇ ಅಂತಿಟ್ಕೊಳ್ಳಿ. ಇಬ್ಬರೂ ಮಾಡಿದ್ದು ಒಂದೇ ತಾನೆ? ಬಾಗಿಲು ಯಾಕೆ ಒಬ್ಬರಿಗೇ ಮುಚ್ತು?” ಎಂದು ಮಿಸ್ ಕೇಳಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದು ಮುಂದಿನ ವಾರ ಎಂದರು.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ರಂಗನಾಯಕಿ ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋದಳು. ಅವಳ ಅಪ್ಪ ವೆಂಕಟರಂಗಯ್ಯ ನಮ್ಮ ಸ್ಕೂಲಿನ ಆಡಳಿತ ಮಂಡಳಿಯ ಕಾರ್ಯದರ್ಶಿ. ಅವರ ತಂಗಿ ಲಕ್ಷ್ಮೀದೇವಮ್ಮನನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಗಂಡ ಅಂಜನಮೂರ್ತಿಗೆ ಅಲ್ಲಿ ಬಟ್ಟೆ ಅಂಗಡಿ. ಹೊಡೆತ ತಾಳಲಾರದೆ ಆಕೆ ಅಣ್ಣನ ಮನೆಗೆ ಬಂದರು. ಅವನು ಇನ್ನೊಂದು ಮದುವೆ ಮಾಡಿಕೊಂಡ. ಅದು ಕಾನೂನಿಗೆ ವಿರುದ್ಧವೆಂದು ಗೊತ್ತಿದ್ದೂ ಈ ಅಣ್ಣ ತುಟಿ ಬಿಚ್ಚಲಿಲ್ಲ. ಅದಕ್ಕಿಂತ ಅನ್ಯಾಯವೆಂದರೆ, ಹಳೆಯ ನಂಟೆಂದು ಆ ಮನುಷ್ಯನನ್ನೇ ಹಬ್ಬಕ್ಕೆ ಕರೆದು ನಡುಮನೆಯಲ್ಲಿ ಎಲೆ ಹಾಕುತ್ತಿದ್ದರು. ಅವನು ಎದ್ದು ಹೋಗುವವರೆಗೂ ಲಕ್ಷ್ಮೀದೇವಮ್ಮ ಹಿತ್ತಲ ಕೋಣೆಯಿಂದ ಹೊರಗೆ ಬರುವಂತಿರಲಿಲ್ಲ. ಅರಿಸಿನ ಕುಂಕುಮಕ್ಕೂ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ.

ಆ ಭಾನುವಾರ ಅಂಜನಮೂರ್ತಿ ಊಟಕ್ಕೆ ಬಂದಿದ್ದ. ಬಡಿಸುತ್ತಿದ್ದ ರಂಗನಾಯಕಿ ಪಾಯಸದ ಪಾತ್ರೆಯನ್ನು ನೆಲಕ್ಕಿಟ್ಟು ಕೇಳಿಯೇಬಿಟ್ಟಳು: “ಅಪ್ಪ, ಹೊಡ್ದೋರು ಇಲ್ಲಿ ಕೂತವ್ರೆ. ಹೊಡೆಸ್ಕೊಂಡ ಅತ್ತೆ ಯಾಕಪ್ಪ ಹಿತ್ತಲಲ್ಲಿ?”

ಇದು ಕ್ಲಾಸಿನಲ್ಲಿ ಕೇಳಿದ ಕತೆಯ ಫಲವೆಂದು ಮಗಳ ಬಾಯಿ ಬಿಡಿಸಿಕೊಂಡು, ಸೋಮವಾರ ಬೆಳಿಗ್ಗೆಯೇ ವೆಂಕಟರಂಗಯ್ಯ ಸ್ಕೂಲಿಗೆ ಬಂದರು. ಮಿಸ್ ಅವರನ್ನು ಹೆಡ್‌ಮಾಸ್ಟರ್ ರೂಮಿಗೆ ಕರೆಸಿದರು. ಅದು ನಮ್ಮ ಕ್ಲಾಸಿನ ಪಕ್ಕದಲ್ಲೇ ಇತ್ತು, ನಡುವಿನ ಕಿಟಕಿ ತೆರೆದಿತ್ತು. ಒಳಗಿನ ಮಾತೆಲ್ಲ ನಮಗೆ ಕೇಳಿಸುತ್ತಿತ್ತು.

“ಏನ್ರೀ, ಮನೆ ಬಿಟ್ಟು ಓಡಿಹೋಗೋದನ್ನ ಹೆಣ್ಮಕ್ಕಳಿಗೆ ಹೇಳಿಕೊಡ್ತೀರಂತೆ?”

“ಆ ಪುಸ್ತಕ ಓದಿದೀರಾ ಸಾರ್?”

“ಅಂಥಾದ್ದನ್ನೆಲ್ಲ ಓದೋ ಕರ್ಮ ನಮಗೆ ಯಾಕ್ರೀ? ಓದದೇ ಗೊತ್ತಾಗುತ್ತೆ.”

“ಕೊಲೆ ಮಾಡಿದವನ ಕತೆನೂ ಹೇಳಿದೀನಿ ಸಾರ್. ಆಗ ನೀವು ಬರಲಿಲ್ಲ.”

ಹೆಡ್‌ಮಾಸ್ಟರ್ ಮಹಾದೇವಯ್ಯ ಮೇಜಿನ ಆ ಕಡೆ ಕೂತಿದ್ದರು. ಮಿಸ್ ಹತ್ತಿರ ಅದೇ ಕಾದಂಬರಿ ಇಸಕೊಂಡು ಓದಿ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೊಗಳಿದ್ದ ಮನುಷ್ಯ. ಅವರು ಮಿಸ್ ಪರವಾಗಿ ಒಂದು ಮಾತು ಆಡಿದ್ದರೆ ಸಾಕಿತ್ತು. ಅದರ ಬದಲು, “ಕ್ಷಮೆ ಕೇಳಿಬಿಡೀಮ್ಮ, ಮುಗಿದುಹೋಗುತ್ತೆ” ಎಂದರು. ವೆಂಕಟರಂಗಯ್ಯನ ಒರಟುತನಕ್ಕಿಂತ ಈ ಮೆತ್ತಗಿನ ದನಿಯೇ ನನಗೆ ಹೆಚ್ಚು ಅಸಹ್ಯ.

“ಕತೆ ಹೇಳಿದ್ದಕ್ಕೆ ಕ್ಷಮೆ ಕೇಳಲ್ಲ ಸಾರ್,” ಎಂದು ಮಿಸ್ ಹೊರಗೆ ಬಂದರು. ಆ ವಾರವೇ ಅವರ ಕೆಲಸ ಹೋಯಿತು. ಕತೆಯ ಕೊನೆ ನಮಗೆ ಯಾರೂ ಹೇಳಲಿಲ್ಲ. ರಂಗನಾಯಕಿಯ ಕೆನ್ನೆಯ ಮೇಲೆ ಬೆರಳಿನ ಗುರುತು ಇತ್ತು.

ಮುಂದೆ ನಡೆದದ್ದನ್ನು ನಾನು ದೊಡ್ಡವಳಾದ ಮೇಲೆ ಮಿಸ್ ಬಾಯಿಂದಲೇ ಕೇಳಿದೆ.

ಅವರು ತುಮಕೂರಿನ ಮನೆಯಲ್ಲಿ ಟ್ಯೂಷನ್ ಹೇಳಿಕೊಂಡಿದ್ದರು. ಒಂದು ಮಧ್ಯಾಹ್ನ ಬಟ್ಟೆಯ ಚೀಲ ಹಿಡಿದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು.

“ನಾನು ರಂಗನಾಯಕಿ ಸೋದರತ್ತೆ. ನಿಮ್ಮ ಕತೆ ಅರ್ಧ ಕೇಳಿದೀನಿ. ಆಮೇಲೆ ಅವಳಿಗೆ ಏನಾಯ್ತು?”

ಮಿಸ್ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಮನೆ ಬಿಟ್ಟು ಬಂದ ಹೆಂಗಸಿಗೆ ಆ ಕೊನೆಯನ್ನು ಹೇಳುವುದು ಹೇಗೆಂದು ತಡವರಿಸಿದರು. ಲಕ್ಷ್ಮೀದೇವಮ್ಮ ಬಿಡಲಿಲ್ಲ. ಕತೆಯ ಆ ಹೆಂಗಸು ಕೊನೆಗೆ ರೈಲಿಗೆ ತಲೆಕೊಟ್ಟು ಸತ್ತಳೆಂದು ಹೇಳಲೇಬೇಕಾಯಿತು.

ಆಕೆ ಅಳುತ್ತಾರೆಂದು ಮಿಸ್ ಅಂದುಕೊಂಡಿದ್ದರು. ಆಕೆ ಲೋಟ ಕುಕ್ಕಿ ಎದ್ದು ನಿಂತರು.

“ಅವಳ್ಯಾಕ್ರೀ ಸಾಯಬೇಕಾಗಿತ್ತು? ಬಾಗಿಲು ಹಾಕ್ಕೊಂಡ ಮನೆಯೋರೆಲ್ಲ ನೆಟ್ಟಗಿರಬೇಕು, ಅವಳು ಸಾಯಬೇಕಾ? ಬರೆದೋನು ಗಂಡಸಲ್ವಾ, ಅವನಿಗೆ ಬೇರೆ ದಾರಿ ಹೊಳೀಲಿಲ್ಲ!”

ಮಿಸ್ ಬರೆದವನ ಪರವಾಗಿ ಮಾತಾಡಿದರು. ಅವನು ಅವಳ ಸಂಕಟವನ್ನು ಎಷ್ಟು ಆಳವಾಗಿ ಬಲ್ಲ, ಓದುವವರ ಕರುಳನ್ನು ಹೇಗೆ ಹಿಂಡುತ್ತಾನೆ ಎಂದೆಲ್ಲ ಹೇಳಿದರು.

“ಕರುಳು ಹಿಂಡೋದು ಇರಲಿ. ನಾನಂತೂ ಸಾಯಲ್ಲ ಕಣ್ರೀ. ಹೊಲಿಗೆ ಬರುತ್ತೆ. ಎಲ್ಲಾದರೂ ಕೆಲಸ ಕೊಡಿಸಿ.”

ತಾವು ವರ್ಷಗಟ್ಟಲೆ ಪೂಜಿಸಿದ ಪುಸ್ತಕದ ಮೇಲೆ ಅಂದು ಮೊದಲ ಸಲ ತಮಗೂ ಸಿಟ್ಟು ಬಂತೆಂದು ಮಿಸ್ ಹೇಳಿದರು. ತಮ್ಮ ಅಪ್ಪ ಅನಂತರಾಮಯ್ಯ ಗೊಣಗಿದರೂ ಕೇಳದೆ ಆಕೆಯನ್ನು ಮನೆಯಲ್ಲೇ ಇರಿಸಿಕೊಂಡರು. ಹಿರೇಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಯೂನಿಫಾರಂ ಹೊಲಿಯುವ ಕೆಲಸ ಸಿಕ್ಕಿತು. “ಯಾರನ್ನೋ ತಂದಿಟ್ಟುಕೊಂಡವಳೆ” ಎಂದು ಬೀದಿಯವರು ಆಡಿಕೊಂಡರು. ವೆಂಕಟರಂಗಯ್ಯ ತನಗೆ ತಂಗಿಯೇ ಇಲ್ಲವೆಂದರು. ರಾತ್ರಿ ಊಟವಾದ ಮೇಲೆ ಮಿಸ್ ಓದಿ ಹೇಳುತ್ತಿದ್ದರು, ಲಕ್ಷ್ಮೀದೇವಮ್ಮ ಗುಂಡಿ ಹಾಕುತ್ತಾ ಪ್ರತಿ ಪಾತ್ರದ ಜೊತೆಯೂ ಜಗಳವಾಡುತ್ತಿದ್ದರು.

ಎಂಬತ್ತೆರಡರಲ್ಲಿ ಕುಣಿಗಲ್ಲಿನ ಛತ್ರದಲ್ಲಿ ರಂಗನಾಯಕಿಯ ಮದುವೆಯಾಯಿತು. ಊರವರ ಬಾಯಿಗೆ ಹೆದರಿ ಅಣ್ಣ ತಂಗಿಗೆ ಹೇಳಿ ಕಳಿಸಿದರು. ಬರಬಹುದು, ಆದರೆ ಮುಹೂರ್ತದ ಹೊತ್ತಿಗೆ ಮಂಟಪದ ಹತ್ತಿರ ಸುಳಿಯಕೂಡದು. “ಹಿತ್ತಲಲ್ಲಿ ಕೂತದ್ದು ಸಾಕು ಅಂತ ಹೇಳಿ” ಎಂದು ಲಕ್ಷ್ಮೀದೇವಮ್ಮ ಬಂದವರನ್ನು ವಾಪಸ್ ಕಳಿಸಿದರು. ಮದುವೆಯ ಹಿಂದಿನ ವಾರ ರಂಗನಾಯಕಿ ಒಬ್ಬಳೇ ತುಮಕೂರಿಗೆ ಬಂದು, ಅತ್ತೆಯ ಕೈಯಲ್ಲಿ ಕುಂಕುಮ ಇಡಿಸಿಕೊಂಡು ಹೋದಳು.

ನಾನು ಮದುವೆಗೆ ಹೋಗಿದ್ದೆ. ಮಂಟಪದ ಮುಂದಿನ ಸಾಲಿನಲ್ಲಿ ಅಂಜನಮೂರ್ತಿ ರೇಷ್ಮೆ ಶಲ್ಯ ಹೊದ್ದು ಕೂತಿದ್ದ. ವೆಂಕಟರಂಗಯ್ಯ ತಾವೇ ನಿಂತು ಅವನ ಮೇಲೆ ಪನ್ನೀರು ಚಿಮುಕಿಸುತ್ತಿದ್ದರು. ಪಕ್ಕದಲ್ಲಿ ಮಹಾದೇವಯ್ಯ ನಗುನಗುತ್ತಾ ಅವನಿಗೆ ತಾಂಬೂಲದ ತಟ್ಟೆ ಸರಿಸುತ್ತಿದ್ದರು. ನಾನು ಅಕ್ಷತೆ ಹಾಕಿ, ಊಟಕ್ಕೆ ಕೂರದೆ, ಮಿಸ್ ಮನೆಗೆಂದು ತುಮಕೂರಿನ ಬಸ್ಸು ಹತ್ತಿದೆ.