ಅಣ್ಣನ ವಿಮಾನದ ಏಲರಾನು

ನಮ್ಮಣ್ಣ ಭೌತಶಾಸ್ತ್ರದ ಮೇಷ್ಟ್ರು. ನಿವೃತ್ತನಾದ ವರ್ಷ, ಎರಡು ಸಾವಿರದ ಏಳೋ ಎಂಟೋ ಇರಬೇಕು, ಬೆಂಗಳೂರಿಗೆ ಮದುವೆಗೆಂದು ಹೋದವನು ಒಂದು ಥರ್ಮಕೋಲ್ ವಿಮಾನ ಹೊತ್ತುಕೊಂಡು ಬಂದ. ರೇಡಿಯೊ ಪೆಟ್ಟಿಗೆ ಹಿಡಿದು ನೆಲದ ಮೇಲೆ ನಿಂತು ಹಾರಿಸುವಂಥದ್ದು. ಮೇಲೊಂದು ಜೊತೆ, ಕೆಳಗೊಂದು ಜೊತೆ ರೆಕ್ಕೆ. "ಇದು ಯಾರಿಗ್ರೀ?" ಎಂದು ಅತ್ತಿಗೆ ಕೇಳಿದರೆ, "ನಂಗೇ ಕಣೇ" ಅಂದನಂತೆ.

ತಂದದ್ದೇನೋ ಸರಿ, ಜೋಡಿಸಬೇಕಲ್ಲ. ಅವನ ಬೆರಳು ದಪ್ಪ, ತಾಳ್ಮೆ ಕಡಿಮೆ. ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದು, ಬಿಡುವಾದಾಗ ಕಸೂತಿ ಹಾಕುತ್ತಿದ್ದೆ. ಅದೇ ನನಗೆ ಮುಳುವಾಯಿತು. "ಸೂಜಿ ಹಿಡಿಯೋ ಕೈ ನಿಂದು, ಬಾರೇ" ಎಂದು ಭಾನುವಾರ ಲಕ್ಷ್ಮೀಪುರದ ತನ್ನ ಮನೆಗೆ ಕರೆಸಿಕೊಂಡ.

ರೆಕ್ಕೆಯ ಹಿಂದಿನ ಅಂಚಿನಲ್ಲಿ ಏಳುವ, ಇಳಿಯುವ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಏಲರಾನ್ ಅನ್ನುತ್ತಾರೆ. ಎಡಗಡೆಯದು ಎದ್ದು ಬಲಗಡೆಯದು ಇಳಿದರೆ ವಿಮಾನ ಎಡಕ್ಕೆ ವಾಲುತ್ತದೆ. ಒಂದೇ ಜೊತೆ ರೆಕ್ಕೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಕೆಳರೆಕ್ಕೆಯ ಪಟ್ಟಿಯನ್ನು ಪುಟಾಣಿ ಮೋಟಾರು ಎಳೆಯಬೇಕು, ಅದರಿಂದ ಮೇಲಿನ ಪಟ್ಟಿಗೆ ಸಣ್ಣ ತಂತಿ ಹೋಗಬೇಕು. ತಂತಿ ಕೂದಲೆಳೆಯಷ್ಟು ಗಿಡ್ಡವಾದರೂ ಮೇಲಿನದು ಸೊಟ್ಟ. ಬಗ್ಗಿಸಿದೆ, ಬಿಚ್ಚಿದೆ, ಮತ್ತೆ ಬಗ್ಗಿಸಿದೆ. ಜೋರಾಗಿ ಒತ್ತಿದರೆ ಹೆಬ್ಬೆರಳು ಥರ್ಮಕೋಲಿನೊಳಕ್ಕೇ ಇಳಿಯುತ್ತಿತ್ತು. ಅಣ್ಣ ಕುರ್ಚಿಯಲ್ಲಿ ಕೂತು, "ಮೆತ್ತಗೆ ಕಣೇ, ಮೆತ್ತಗೆ" ಅನ್ನುತ್ತಿದ್ದ. ಅಂಟು ಅವನು ತಂದದ್ದು. ಒಂದು ಹನಿ ಬಿಟ್ಟೆ ನೋಡಿ, ಥರ್ಮಕೋಲು ಬೆಣ್ಣೆಯ ಹಾಗೆ ಕರಗಿ ಗುಳಿ ಬಿತ್ತು.

"ಅಣ್ಣಾ, ಇದ್ಯಾವ ಅಂಟು ತಂದೆ?"

"ಅಂಗಡಿಯವನು ಒಳ್ಳೇದು ಅಂದ."

ಬೇರೆ ಅಂಟು ಬರುವ ಹೊತ್ತಿಗೆ ಇನ್ನೊಂದು ಭಾನುವಾರ ಬಂದಿತ್ತು. ಅಂತೂ ನಾಲ್ಕು ಪಟ್ಟಿಗಳೂ ಒಟ್ಟಿಗೆ ಆಡಿದವು. ನಾನು ಬಾಲದ ಹಿಂದೆ ಕೂತಿದ್ದೆ. ಅಣ್ಣ ಎದುರಿಗೆ, ಮೂತಿಯ ಕಡೆ ನಿಂತು ಪೆಟ್ಟಿಗೆಯ ಕಡ್ಡಿಯನ್ನು ಎಡಕ್ಕೆ ತಳ್ಳಿದ.

"ಉಲ್ಟಾ ಆಗಿದೆ!" ಅಂದ.

"ಸರಿಯಾಗೇ ಇದೆ. ಎಡಗಡೇದು ಏಳ್ತಿದೆಯಲ್ಲ."

"ಬಲಗಡೇದು ಏಳ್ತಿದೆ ಕಣೇ! ಕಣ್ಣು ಕಾಣಲ್ವಾ ನಿಂಗೆ?"

"ನೀನು ಈ ಕಡೆ ಬಂದು ನೋಡು."

ಬರಲಿಲ್ಲ. "ಮೂವತ್ತು ವರ್ಷ ಫಿಸಿಕ್ಸ್ ಹೇಳ್ಕೊಟ್ಟಿದ್ದೀನಿ" ಎಂದು ಪೆಟ್ಟಿಗೆಯ ಮೇಲಿದ್ದ, ದಿಕ್ಕು ಬದಲಿಸುವ ಸ್ವಿಚ್ಚನ್ನು ಟಕ್ಕನೆ ಒತ್ತಿದ. ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಸಾಯಲಿ ಅತ್ಲಾಗೆ ಎಂದು ಅಂಟು, ತಂತಿ ಎತ್ತಿಟ್ಟೆ.

ದಟ್ಟಗಳ್ಳಿಯ ಕಡೆ ಆಗ ಸೈಟುಗಳಾಗಿದ್ದವು, ಮನೆಗಳಿರಲಿಲ್ಲ. ಸಂಜೆ ಅಲ್ಲಿಗೆ ಹೋದೆವು. ವಿಮಾನ ಮಣ್ಣುರಸ್ತೆಯ ಮೇಲೆ ಓಡಿ ಅಂದವಾಗಿ ಎದ್ದಿತು. ಅಷ್ಟು ಬೇಜಾರಿನಲ್ಲೂ ಚಪ್ಪಾಳೆ ತಟ್ಟಿಬಿಟ್ಟೆ. ಅಣ್ಣ ಎಡಕ್ಕೆ ತಿರುಗಿಸಲು ಹೋದ, ಅದು ಬಲಕ್ಕೆ ವಾಲಿತು. ಗಾಬರಿಯಾಗಿ ಇನ್ನಷ್ಟು ಎಡಕ್ಕೆ ತಳ್ಳಿದ, ಅದು ಪೂರ್ತಿ ಮಗುಚಿ ನೆಲಕ್ಕೆ ಅಪ್ಪಳಿಸಿತು.

ಸ್ಕೂಟರಿನಲ್ಲಿ ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಅವನ ಹಿಂದೆ ಕೂತೆ. ಮನೆ ಮುಟ್ಟಿದ ಕೂಡಲೇ ಹೇಳಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅತ್ತಿಗೆ ಬಾಗಿಲು ತೆಗೆದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಇವಳು ಮಾಡಿದ್ದೇ ಸರಿ ಇತ್ತು ಕಣೇ. ಎದುರಿಗೆ ನಿಂತ್ರೆ ಎಡ ಬಲ ಅದಲು ಬದಲಾಗುತ್ತೆ ಅನ್ನೋದೇ ಮರ್ತ್ಬಿಟ್ಟೆ" ಅಂದ. ಇಷ್ಟು ವರ್ಷದಲ್ಲಿ ಅವನು ಯಾರೆದುರೂ ಹಾಗೆ ಒಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ವ್ಯರ್ಥವಾಯಿತು. ಅದಕ್ಕೂ ಒಂದು ಸಿಟ್ಟು ಬಂತು.

ಮುರಿದ ರೆಕ್ಕೆಗಳನ್ನು ಅಂಟಿಸಿ, ಹೊಸ ತಂತಿ ಬಗ್ಗಿಸಿ, ಸ್ವಿಚ್ಚನ್ನು ಮೊದಲಿನ ಹಾಗೇ ಇಟ್ಟು, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಬಯಲಿಗೆ ಹೋದೆವು. ಈ ಸಲ ಅದು ಎಡಕ್ಕೆ ಅಂದರೆ ಎಡಕ್ಕೇ ತಿರುಗಿತು. ಸ್ವಲ್ಪ ಹೊತ್ತು ಹಾರಿಸಿ ಅಣ್ಣ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ.

"ಹಿಡ್ಕೊ. ಹೆದರ್ಕೋಬೇಡ."

ಹಿಡಿದೆ. ಕೊಟ್ಟವನು ಸುಮ್ಮನಿರಬೇಕಲ್ಲ. ನನ್ನ ಕಿವಿಯ ಹತ್ತಿರವೇ ನಿಂತು, "ಮೆತ್ತಗೆ, ಎಡಕ್ಕೆ, ಅಯ್ಯೋ ಅಷ್ಟಲ್ಲ ಕಣೇ" ಎಂದು ಶುರುಮಾಡಿದ.

"ಬಾಯ್ಮುಚ್ಕೊಂಡಿರಣ್ಣ ಒಂದ್ನಿಮಿಷ" ಎಂದು ಗದರಿ, ವಿಮಾನವನ್ನು ಚಾಮುಂಡಿಬೆಟ್ಟದ ಕಡೆಗೆ ತಿರುಗಿಸಿದೆ.