ಲೋಡು ಜಾಸ್ತಿ

ಮೀಟರಿನಲ್ಲಿ 3.4 ಎಂದು ಬಂತು. ಕಡ್ಡಿಗಳನ್ನು ಸ್ವಲ್ಪ ಸಡಿಲಿಸಿದರೆ 3.5, ಒತ್ತಿ ಹಿಡಿದರೆ ಮತ್ತೆ 3.4. ಪಕ್ಕದ ಮಡಕೆಯದು 3.6.

ಆಗ, ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮ ಕಡೆ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ, ಸುತ್ತ ಅಂಟು ಮೆತ್ತಿ, ನಡುಮನೆಯ ಮೂಲೆಗಿಡುತ್ತಿದ್ದರು. ಮರದ ಪೆಟ್ಟಿಗೆಗಿಂತ ಮಡಕೆಯಲ್ಲಿ ದಪ್ಪ ಸ್ವರ ಚೆನ್ನಾಗಿ ಕೇಳಿಸುತ್ತದೆ ಎಂಬುದು ಎಲ್ಲರ ನಂಬಿಕೆಯಾಗಿತ್ತು. ನಾನು ಮೀಟರು ಹಿಡಿದು ಕೂತಿದ್ದ ಚನ್ನರಾಯಪಟ್ಟಣದ ಮನೆ ಒಬ್ಬ ಕೊಬ್ಬರಿ ವ್ಯಾಪಾರಿಯದು. ತಾವು ಮಾರಿದ ಕಾರಿನಿಂದ ಎರಡು ಸ್ಪೀಕರುಗಳನ್ನು ಬಿಚ್ಚಿಸಿಟ್ಟುಕೊಂಡು, ಅವಕ್ಕೆ ಇಂಥ ಮಡಕೆ ಮಾಡಿಸಿದ್ದರು. ಅವನ್ನು ಹಾಡಿಸಲು ಒಂದು ಆಂಪ್ಲಿಫೈಯರ್ ಬೇಕೆಂದು ನನ್ನ ಸೋದರಮಾವನಿಗೆ ಹೇಳಿದ್ದರು.

ಮಾವನದು ಹೊಳೆನರಸೀಪುರದಲ್ಲಿ ರೇಡಿಯೊ ರಿಪೇರಿ ಅಂಗಡಿ. ರಿಪೇರಿಗೆ ಬರುವವರು ಕಡಿಮೆಯಾಗಿ, ಅವನ ಕೈಯಲ್ಲಿ ಕಟ್ಟಿದ ಸೆಟ್ಟು ಕೇಳುವವರು ಇನ್ನೂ ಕಡಿಮೆಯಾಗಿದ್ದ ಕಾಲ. ಅರಕಲಗೂಡಿನಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದ ಅವನ ಭಾವಮೈದ, ಅಂಗಡಿ ಮುಚ್ಚಿ ತನ್ನಲ್ಲಿಗೆ ತಂತಿ ಎಳೆಯಲು ಬಾ ಎಂದು ಎರಡು ಸಲ ಹೇಳಿಕಳಿಸಿದ್ದ. ಮಾವ ಉತ್ತರ ಕೊಟ್ಟಿರಲಿಲ್ಲ. ವ್ಯಾಪಾರಿಯ ಅಳಿಯನಿಗೆ ಹಾಸನದಲ್ಲಿ ಬಟ್ಟೆ ಅಂಗಡಿ. ಈ ಸೆಟ್ಟು ಚೆನ್ನಾಗಿ ಬಂದರೆ ಅಲ್ಲಿಗೂ ಒಂದು, ಅವರ ಬೀಗರ ಮನೆಗೂ ಒಂದು ಎಂದಿದ್ದರು. "ಇದು ಕುಂತ್ಕಂತು ಅಂದ್ರೆ ಅಂಗ್ಡಿ ಉಳೀತು. ಇಲ್ದಿದ್ರೆ ಶಟ್ರು ಎಳ್ದು ಅರಕಲಗೂಡಿಗೆ ಒಂಟೆ" ಎಂದು ಮಾವ ನನ್ನ ಅಮ್ಮನಿಗೆ ಹೇಳಿದ್ದ. ಅಮ್ಮ ಅದನ್ನು ನನಗೆ ಹೇಳಿದ್ದಳು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದೆ. ಹಾಗಾಗಿ ಸ್ಪೀಕರು ಅಳೆದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಸ್ಪೀಕರಿನ ಬೆನ್ನಿಗೂ ಒಂದು ಅಂಕಿ ಬರೆದಿರುತ್ತದೆ, ಎಂಟು ಓಮ್ ಅಥವಾ ನಾಲ್ಕು ಓಮ್. ಆಂಪ್ಲಿಫೈಯರನ್ನು ಆ ಅಂಕಿಗೆ ಹೊಂದುವಂತೆ ಕಟ್ಟಬೇಕು. ಇಲ್ಲಿ ಆ ಬೆನ್ನು ಮಡಕೆಯೊಳಗೆ ಸೇರಿಕೊಂಡಿತ್ತು. ಹೊರಗಿದ್ದದ್ದು ಮಡಕೆಯ ತಳದ ತೂತಿನಿಂದ ಬಂದ ಎರಡು ತಂತಿಗಳು ಮಾತ್ರ.

3.4 ಎಂದರೆ ನಾಲ್ಕೇ ಎಂದು ಇವತ್ತು ಯಾರು ಕೇಳಿದರೂ ಹೇಳುತ್ತೇನೆ. ಮೀಟರು ತೋರಿಸುವುದು ತಾಮ್ರದ ಸುರುಳಿಯ ರೋಧವನ್ನಷ್ಟೆ. ಹಾಡುವಾಗ ಸ್ಪೀಕರು ಒಡ್ಡುವ ತಡೆ ಬೇರೆ, ಬರೆದ ಅಂಕಿ ಯಾವಾಗಲೂ ಸ್ವಲ್ಪ ಹೆಚ್ಚು. ಈ ವ್ಯತ್ಯಾಸದ ಸಮೀಕರಣವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಎಷ್ಟು ಹೆಚ್ಚು ಎಂದು ನನಗೆ ಗೊತ್ತಿರಲಿಲ್ಲ. ಎರಡು ಮಡಕೆಗಳು ಎರಡು ಅಂಕಿ ಕೊಟ್ಟಿದ್ದವು. ಪ್ರಯೋಗಾಲಯದಿಂದ ಕೇಳಿ ತಂದಿದ್ದ ಮೀಟರಿನ ತಂತಿಯದೇ ರೋಧ ಎಷ್ಟೋ ಏನೋ. ಖಚಿತವಿಲ್ಲದ ಅಂಕಿಯನ್ನು ಬಾಯಿಂದ ಆಡುವುದು ನನಗೆ ಆಗದ ಕೆಲಸ. ಆದ್ದರಿಂದ ನಾನು ಅಂಕಿಯನ್ನೇ ಹೇಳಲಿಲ್ಲ.

ಬಸ್ ನಿಲ್ದಾಣದ ಹತ್ತಿರದ ಎಸ್‌ಟಿಡಿ ಬೂತಿನಿಂದ, ಮಾವನ ಅಂಗಡಿಯ ಪಕ್ಕದ ಔಷಧಿ ಅಂಗಡಿಗೆ ಫೋನು ಮಾಡಿ ಅವನನ್ನು ಕರೆಸಿದೆ. ಗಾಜಿನ ಬಾಗಿಲಿನಾಚೆ ಇಬ್ಬರು ಕಾಯುತ್ತಿದ್ದರು.

"ಲೋಡು ಜಾಸ್ತಿ ಇದೆ ಮಾವ. ಅದಕ್ಕೆ ತಕ್ಕ ಹಾಗೆ ಕಟ್ಟು."

"ಜಾಸ್ತೀನಾ? ಅಂಗಾರೆ ಸಲೀಸು ಬುಡವ್ವ."

ಸಲೀಸು ಹೇಗೆ? ಓಮ್ ಕಡಿಮೆಯಾದಷ್ಟೂ ಸ್ಪೀಕರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಆಂಪ್ಲಿಫೈಯರಿಗೆ ಅಷ್ಟೂ ಹೊರೆ. ಅದಕ್ಕೇ ನಾನು ಲೋಡು ಜಾಸ್ತಿ ಎಂದದ್ದು. ಹೊರೆ ಜಾಸ್ತಿಯಾದರೆ ಕೆಲಸ ಸಲೀಸಾಗುವುದು ನನಗೆ ಅರ್ಥವಾಗಲಿಲ್ಲ. ಮೂವತ್ತು ವರ್ಷ ಬೆಸುಗೆ ಹಾಕಿದವನಿಗೆ ನನಗೆ ತಿಳಿಯದ ಉಪಾಯವೇನೋ ಇರಬೇಕು ಎಂದುಕೊಂಡೆ. ಮತ್ತೆ ಕೇಳಿದರೆ ಅವನ ಕೆಲಸದಲ್ಲಿ ಮೂಗು ತೂರಿಸಿದಂತೆ ಎಂದೂ ಅನ್ನಿಸಿತು. ಎರಡು ವಾರ ಆ ಒಂದು ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಫೋನು ಮಾಡಲಿಲ್ಲ.

ವ್ಯಾಪಾರಿಯ ಮನೆಯವರು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಊಟವಾದ ಮೇಲೆ, ಆರೂವರೆಗೆ ಬನ್ನಿ ಎಂದಿದ್ದರು. ಮಾವ ಸೆಟ್ಟನ್ನು ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದ. ಮುಂಭಾಗಕ್ಕೆ ಅಲ್ಯೂಮಿನಿಯಮ್ ತಗಡು, ಎರಡು ಗುಂಡಿ, ಒಂದು ಕೆಂಪು ದೀಪ. ಅಂಥ ಅಚ್ಚುಕಟ್ಟು ಕೆಲಸವನ್ನು ಅವನ ಕೈಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ಮೊದಲ ಹಾಡು ಚೆನ್ನಾಗಿಯೇ ಬಂತು. ವ್ಯಾಪಾರಿಯ ತಾಯಿ, ಎಂಬತ್ತರ ಹತ್ತಿರದವರು, ಮಡಕೆಯ ಮೇಲೆ ಅಂಗೈ ಇಟ್ಟು ನೋಡಿ ನಕ್ಕರು. ಅಳಿಯ ಬಂದು ಗುಂಡಿಯನ್ನು ಅರ್ಧಕ್ಕೂ ಮೇಲೆ ತಿರುಗಿಸಿದ. ಎರಡನೆಯ ಹಾಡಿನ ನಡುವೆ ದನಿ ಒಡೆಯತೊಡಗಿತು. ಮಾವ ಸೆಟ್ಟಿನ ಹಿಂಭಾಗ ಮುಟ್ಟಿ ಕೈ ಹಿಂದೆಗೆದುಕೊಂಡ. ಒಳಗಿನ ತಂತಿಸುರುಳಿಯ ವಾರ್ನಿಷು ಕಾದ ವಾಸನೆ ಬಂತು. ಮಾವ ಸ್ವಿಚ್ಚಿನ ಕಡೆ ಹೋಗುವಷ್ಟರಲ್ಲಿ ಎಡಗಡೆಯ ಮಡಕೆ ಸುಮ್ಮನಾಯಿತು, ಆಮೇಲೆ ಬಲಗಡೆಯದೂ.

"ಮಡಕೆ ಇರೋದೇ ಬೇಯ್ಸಕ್ಕೆ ಅಲ್ವೇನಪ್ಪ, ಹಾಡೂ ಬೆಂದೋಯ್ತು" ಎಂದರು ಮುದುಕಿ. ಅಳಿಯ ಜೋರಾಗಿ ನಕ್ಕ.

ಮಾವನೂ ನಗಲು ನೋಡಿದ. "ನಂದೇ ತೆಪ್ಪು ಸಾ. ಲೆಕ್ಕ ಎಲ್ಲೋ ಎಡವ್ಬುಟ್ಟಿವ್ನಿ" ಎಂದ. ವ್ಯಾಪಾರಿ ಸಿಟ್ಟಾಗಲಿಲ್ಲ. ಕಾಫಿ ಕೊಡಿಸಿದರು. ಅಳಿಯ ಹಾಸನದಲ್ಲಿ ಕಂಪನಿ ಸೆಟ್ಟನ್ನೇ ನೋಡುತ್ತಿದ್ದಾನಂತೆ ಎಂದು ಮೆಲ್ಲಗೆ ಹೇಳಿದರು. ನಾನು ಲೋಟ ಹಿಡಿದುಕೊಂಡು ಕುಳಿತಿದ್ದೆ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸೆಟ್ಟನ್ನು ನಡುವೆ ಇಟ್ಟುಕೊಂಡು ಕೂತೆವು. ಸ್ಪೀಕರು ನಾಲ್ಕರದಂತಿದೆ ಎಂದು ಮಾವ ತನಗೆ ತಾನೇ ಹೇಳಿಕೊಂಡ. ಹೌದು, ನಾಲ್ಕರದೇ ಇರಬೇಕು ಎಂದೆ. ಅವನು ನನ್ನ ಕಡೆ ತಿರುಗಿದ.

"ಲೋಡು ಜಾಸ್ತಿ ಅಂದ್ಯಲ್ಲವ್ವ?"

"ನಾಲ್ಕಾದರೆ ಲೋಡು ಜಾಸ್ತಿ ತಾನೆ ಮಾವ?"

"ನಾಕು ಯಂಗವ್ವ ಜಾಸ್ತಿ ಆಯ್ತದೆ? ನಾಕರ ಲೋಡು, ಎಂಟರ ಲೋಡು. ಎಂಟು ಜಾಸ್ತಿ. ನಾನು ಎಂಟಕ್ಕೆ ಕಟ್ಬುಟ್ಟೆ."

ಅವನ ಅಂಗಡಿಯಲ್ಲಿ ಲೋಡು ಎಂದರೆ ಸ್ಪೀಕರಿನ ಬೆನ್ನ ಮೇಲಿನ ಅಂಕಿ. ನನ್ನ ಪುಸ್ತಕದಲ್ಲಿ ಲೋಡು ಎಂದರೆ ಆ ಅಂಕಿ ಹೊರಿಸುವ ಹೊರೆ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಇಬ್ಬರೂ ಸರಿಯಾಗಿಯೇ ಹೇಳಿದ್ದೆವು, ಸೆಟ್ಟು ಮಾತ್ರ ಸುಟ್ಟುಹೋಗಿತ್ತು. ಆ ಬೆಂಚಿನ ಮೇಲೆ ನಾನು ಇದನ್ನು ನೇರವಾಗಿಯೂ ತಿರುಗಿಸಿಯೂ ಯೋಚಿಸಿದೆ. ತಪ್ಪು ಯಾವ ಜಾಗದಲ್ಲಿದೆ ಎಂದು ಬೊಟ್ಟುಮಾಡಲು ಆಗಲಿಲ್ಲ. ಒಂದು ಮಾತ್ರ ಖಚಿತವಿತ್ತು: ಮೂರೂವರೆ ಎಂದು ಸುಮ್ಮನೆ ಹೇಳಿದ್ದರೆ ಮಾವನಿಗೆ ಆ ಕ್ಷಣವೇ ತಿಳಿಯುತ್ತಿತ್ತು.

ವ್ಯಾಪಾರಿಗೆ ಈಗಲೇ ಹೋಗಿ ಹೇಳುತ್ತೇನೆ ಎಂದೆ. ಮಾವ ಬೇಡವೆಂದ.

"ಓದ್ದೇ ಇರೋನು ಕೆಡಿಸ್ದ ಅಂದ್ರೆ ಎಲ್ರೂ ಒಪ್ತಾರೆ. ಓದಿರೋಳು ತೆಪ್ಪು ಯೋಳಿದ್ಲು ಅಂದ್ರೆ ನಾಳೆ ಆ ಮನೆ ಉಡುಗ್ರು ನಿನ್ ಪಾಠಕ್ಕೆ ಬಂದು ನಗ್ತವೆ. ಸುಮ್ಕಿರವ್ವ."

ಬಸ್ಸು ಬಂತು. ಅವನು ಸೆಟ್ಟನ್ನು ಎತ್ತಿಕೊಂಡು ಹತ್ತಿದ. ಅರಕಲಗೂಡಿಗೆ ಹೋಗುತ್ತೀಯಾ ಎಂದು ಕೇಳಬೇಕೆಂದಿದ್ದೆ, ಬಸ್ಸು ಹೊರಟುಬಿಟ್ಟಿತು.

ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ನಾನು ವ್ಯಾಪಾರಿಯ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದರು. ಅಳತೆ ತೆಗೆದದ್ದು ನಾನು, ಲೋಡು ಜಾಸ್ತಿ ಎಂದು ತಪ್ಪಾಗಿ ತಿಳಿಸಿದ್ದೂ ನಾನು, ಮಾವ ಕಟ್ಟಿದ್ದು ಸರಿಯಾಗಿದೆ ಎಂದೆ. ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತು ಅಷ್ಟೇ. ಅವರು ಕನ್ನಡಕ ತೆಗೆದು, ಜಾಸ್ತಿ ಅಂದರೆ ಜಾಸ್ತಿ ತಾನೆ, ಅದರಲ್ಲಿ ತಪ್ಪೇನು ಎಂದು ಕೇಳಿದರು. ನೀರಿನ ಕೊಳವೆಯ ಉದಾಹರಣೆ ಕೊಟ್ಟು ವಿವರಿಸಲು ಹೋಗಿ ನಡುವೆ ನನಗೇ ತೊಡಕಾಯಿತು, ನಿಲ್ಲಿಸಿದೆ. ಒಳಗಿನಿಂದ ಮುದುಕಿ, "ಆ ಉಡುಗಿ ಏನ್ ಕೇಳ್ತಾಳೋ ಕೊಟ್ಟು ಕಳ್ಸು" ಎಂದರು.

ಮಡಕೆಗಳನ್ನು ಕೊಡಿ, ಮಾವ ಅವನ್ನೇ ಮುಂದಿಟ್ಟುಕೊಂಡು ಸೆಟ್ಟನ್ನು ತಿದ್ದಲಿ, ಅಳಿಯಂದಿರಿಗೆ ಎಂಟು ದಿನ ತಡೆಯಲು ಹೇಳಿ ಎಂದು ಕೇಳಿಕೊಂಡೆ. ಅವರು ಪತ್ರಿಕೆ ಮಡಿಸಿಟ್ಟರು. ತಗೊಂಡು ಹೋಗಿ, ಎಂಟು ದಿನ ಎಂದರು. ಅಳಿಯನ ವಿಷಯ ಎತ್ತಲಿಲ್ಲ. ಕಾಲೇಜಿಗೆ ರಜೆಯ ಚೀಟಿ ಕಳಿಸಿ, ಎರಡೂ ಮಡಕೆಗಳಿಗೆ ಹಳೆಯ ಗೋಣಿ ಸುತ್ತಿಸಿಕೊಂಡು ನಾನು ಹೊಳೆನರಸೀಪುರದ ಬಸ್ಸು ಹತ್ತಿದೆ. ಚೀಟಿಯಲ್ಲಿ ಕಾರಣ ಬರೆದಿರಲಿಲ್ಲ.